ಬೋರ್ಡ್ ಹೋಗಿದೆ ಅಂದರು

ಆಲುವ ಮೆಟ್ರೊ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಉಡುಪಿ ಕಡೆಯವರೊಬ್ಬರ ಸಣ್ಣ ಹೋಟೆಲಿದೆ. ಭಾನುವಾರ ನಾನು ಕನ್ನಡದಲ್ಲಿ ಹರಟುವುದು ಅಲ್ಲಿಯೇ. ಅವರ ಮಗ ಎರ್ನಾಕುಳಂನಲ್ಲಿ ಅನಿಮೇಷನ್ ಕಲಿಯುತ್ತಾನೆ. ಓದಿಗೆಂದು ಒಂದು ಗೇಮಿಂಗ್ ಲ್ಯಾಪ್‌ಟಾಪ್ ಕೊಡಿಸಿದ್ದಾರೆ, ಅದರ ಕಂತು ಇನ್ನೂ 14 ತಿಂಗಳು ಬಾಕಿ. ಜೂನ್ ಕೊನೆಯಲ್ಲಿ ಅದು ಇದ್ದಕ್ಕಿದ್ದಂತೆ ಮಂದವಾಯಿತು. ಸೆಕೆಂಡಿಗೆ 70 ಫ್ರೇಮ್ ಬರುತ್ತಿದ್ದ ಗೇಮ್ 20ಕ್ಕೆ ಇಳಿಯಿತು. ಅದಾದರೂ ಹೋಗಲಿ, ಬ್ಲೆಂಡರ್‌ನಲ್ಲಿ ಮಾಡೆಲ್ ತಿರುಗಿಸಿದರೂ ತಡೆತಡೆದು ತಿರುಗುತ್ತಿತ್ತು. ಪ್ರಾಜೆಕ್ಟ್ ಒಪ್ಪಿಸಲು ಹತ್ತೇ ದಿನ. ರಿಪೇರಿ ಅಂಗಡಿಯವರು ನೋಡಿ, ‘ಗ್ರಾಫಿಕ್ಸ್ ಚಿಪ್ ಹೋಗಿದೆ, ಬೋರ್ಡೇ ಬದಲಿಸಬೇಕು, 34,000 ಆಗುತ್ತದೆ’ ಎಂದರಂತೆ.

“ನೀವು ಕಾಕ್ಕನಾಡಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದೀರಲ್ಲ ಮಾರಾಯ್ರೆ, ಒಮ್ಮೆ ನೋಡಿ. ದುಡ್ಡು ಕೊಡಬೇಕಾದರೆ ಕೊಡುವ, ಗೊತ್ತಾಗಿ ಕೊಡುವ,” ಎಂದರು ಅಪ್ಪ.

ಇಂಥ ಲ್ಯಾಪ್‌ಟಾಪ್‌ಗಳಲ್ಲಿ ಗ್ರಾಫಿಕ್ಸ್ ಚಿಪ್ ಸಾಮಾನ್ಯವಾಗಿ ಎರಡಿರುತ್ತವೆ. ಪ್ರೊಸೆಸರ್ ಒಳಗೇ ಇರುವುದು ಒಂದು, ಎನ್‌ವಿಡಿಯಾ ಅಥವಾ ಎಎಂಡಿಯ ದೊಡ್ಡದು ಇನ್ನೊಂದು. ಬ್ಯಾಟರಿ ಉಳಿಸಲು ಸಣ್ಣ ಕೆಲಸವನ್ನು ಮೊದಲನೆಯದಕ್ಕೆ, ದೊಡ್ಡ ಕೆಲಸವನ್ನು ಎರಡನೆಯದಕ್ಕೆ ತಾನಾಗಿ ಹಂಚುವ ‘ಆಪ್ಟಿಮಸ್’ ಏರ್ಪಾಡನ್ನು ಎನ್‌ವಿಡಿಯಾ 2010ರಲ್ಲಿ ತಂದಿತು. ಕೆಲವೊಮ್ಮೆ ಹಂಚಿಕೆ ತಪ್ಪಿ, ದೊಡ್ಡ ಗೇಮ್ ಸಣ್ಣ ಚಿಪ್ಪಿನ ಪಾಲಾಗುತ್ತದೆ. ಗೇಮ್ ಓಡುತ್ತಿರುವಾಗಲೇ ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟ ತೆರೆದರೆ ಎರಡೂ ಚಿಪ್ಪುಗಳ ಹೆಸರು ಕಾಣುತ್ತದೆ. ದೊಡ್ಡದು ಸೊನ್ನೆಯ ಹತ್ತಿರ ಮಲಗಿದ್ದರೆ ಹಂಚಿಕೆಯದೇ ದೋಷ. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಡಿಸ್‌ಪ್ಲೇ, ಅದರಲ್ಲಿ ಗ್ರಾಫಿಕ್ಸ್‌ಗೆ ಹೋಗಿ ಆ ಗೇಮಿಗೆ ‘ಹೈ ಪರ್ಫಾರ್ಮೆನ್ಸ್’ ಆರಿಸಿದರಾಯಿತು. ಖರ್ಚಿಲ್ಲದ ರಿಪೇರಿ.

ಹುಡುಗನ ಯಂತ್ರದಲ್ಲಿ ಹಾಗಿರಲಿಲ್ಲ. ದೊಡ್ಡ ಚಿಪ್ 99 ಶೇಕಡಾ ತೋರಿಸುತ್ತಿತ್ತು. “ಪೂರ್ತಿ ದುಡೀತಾ ಇದೆಯಲ್ಲ ಅಂಕಲ್, ಮತ್ತೆ ಯಾಕೆ ಸ್ಲೋ?” ಎಂದು ಕೇಳಿದ. ಒಳ್ಳೆಯ ಪ್ರಶ್ನೆ. ಹೋಟೆಲಿನವರ ಮಗನಿಗೆ ಹೋಟೆಲಿನ ಲೆಕ್ಕದಲ್ಲೇ ಹೇಳಿದೆ: ಸಿಲಿಂಡರ್ ಮುಗಿಯುತ್ತಾ ಬಂದಾಗಲೂ ಕಾವಲಿಯ ಮೇಲೆ ಸದಾ ದೋಸೆ ಇರುತ್ತದೆ, ಬೇಯುವುದು ಮಾತ್ರ ನಿಧಾನ. ಆ 99 ಹೇಳುವುದು ಕಾವಲಿ ಖಾಲಿಯಿಲ್ಲ ಎಂದಷ್ಟೇ. ಉರಿ ಎಷ್ಟಿದೆ ಎಂದು ತಿಳಿಯಲು ವಾಟ್ ನೋಡಬೇಕು.

ಎನ್‌ವಿಡಿಯಾ ಡ್ರೈವರ್ ಜೊತೆಗೇ ಬರುವ ‘ಎನ್‌ವಿಡಿಯಾ-ಎಸ್‌ಎಂಐ’ ಎಂಬ ಆಜ್ಞೆಯನ್ನು ಕಮಾಂಡ್ ಪ್ರಾಂಪ್ಟ್‌ನಲ್ಲಿ ಕೊಟ್ಟರೆ ಉಷ್ಣತೆಯೂ ವಾಟೂ ಒಟ್ಟಿಗೆ ಸಿಗುತ್ತವೆ. ಅವನದು ಆರ್‌ಟಿಎಕ್ಸ್ 3060. ಲ್ಯಾಪ್‌ಟಾಪಿನಲ್ಲಿ ಈ ಚಿಪ್ಪಿಗೆ 60ರಿಂದ 115 ವಾಟ್‌ವರೆಗೆ ಎಂದು ಎನ್‌ವಿಡಿಯಾ ನಿಗದಿ ಮಾಡಿದೆ. ಇಲ್ಲಿ ಎಳೆಯುತ್ತಿದ್ದದ್ದು ಬರೀ 30. ಉಷ್ಣತೆ 56 ಡಿಗ್ರಿ. ಬಿಸಿಯಾಗಿ ವೇಗ ಇಳಿಸಿಕೊಂಡಿದ್ದರೆ ಉಷ್ಣತೆ 85ರ ಆಚೆ ಇರಬೇಕಿತ್ತು. ತಣ್ಣಗೂ ಇದೆ, ಬಡಕಲಾಗಿಯೂ ಇದೆ ಎಂದರೆ ಯಾರೋ ಊಟ ಕಡಿಮೆ ಬಡಿಸುತ್ತಿದ್ದಾರೆ ಎಂದೇ ಅರ್ಥ.

ಬ್ಯಾಟರಿ 41ರಲ್ಲೇ ನಿಂತಿರುವುದು ಆಗ ಕಣ್ಣಿಗೆ ಬಿತ್ತು. ಚಾರ್ಜರ್ ಚುಚ್ಚಿದೆ, ದೀಪ ಉರಿಯುತ್ತಿದೆ, ಆದರೆ ಏರುತ್ತಿಲ್ಲ. ಕೆಲವು ಕಂಪನಿಗಳ ಚಾರ್ಜರ್ ತುದಿಯಲ್ಲಿ, ಕೊಳವೆಯ ನಡುವೆ, ಸೂಜಿಯಂಥ ಒಂದು ಪಿನ್ ಇರುತ್ತದೆ. ನಾನು ಇಷ್ಟು ವಾಟಿನ ಚಾರ್ಜರ್ ಎಂದು ಲ್ಯಾಪ್‌ಟಾಪಿಗೆ ಹೇಳುವುದು ಅದರ ಕೆಲಸ. ಅದು ಬಾಗಿದರೆ ಅಥವಾ ಮುರಿದರೆ ಕರೆಂಟು ಬರುತ್ತದೆ, ಗುರುತು ಸಿಗುವುದಿಲ್ಲ. ಗುರುತಿಲ್ಲದ ಚಾರ್ಜರನ್ನು ನಂಬದೆ ಲ್ಯಾಪ್‌ಟಾಪ್ ಪ್ರೊಸೆಸರನ್ನೂ ಗ್ರಾಫಿಕ್ಸನ್ನೂ ಕನಿಷ್ಠ ವೇಗಕ್ಕೆ ಕಟ್ಟಿಹಾಕುತ್ತದೆ, ಬ್ಯಾಟರಿ ತುಂಬುವುದನ್ನೂ ನಿಲ್ಲಿಸುತ್ತದೆ. ಬಯೋಸ್ ತೆರೆದು ನೋಡಿದರೆ ಚಾರ್ಜರ್ ಯಾವುದೋ ಗೊತ್ತಿಲ್ಲ ಎಂದೇ ಬರೆದಿತ್ತು. ದಿನಾ ಮೆಟ್ರೊದಲ್ಲಿ ಬ್ಯಾಗಿಗೆ ತುರುಕಿ ಒಯ್ಯುತ್ತಿದ್ದ ಪಿನ್ ಒಂದು ಕಡೆಗೆ ವಾಲಿತ್ತು. ಚಾರ್ಜರ್ ಬದಲಿಸಿ ನೋಡದೆ ಬೋರ್ಡಿಗೆ ಬೆಲೆ ಹೇಳುವವರ ಬಗ್ಗೆ ನನಗೆ ಗೌರವವಿಲ್ಲ.

ಸಹೋದ್ಯೋಗಿಯಿಂದ ಅದೇ ಕಂಪನಿಯ 180 ವಾಟ್ ಚಾರ್ಜರ್ ತಂದು ಹಾಕಿದೆವು. ತಕ್ಷಣ 70 ಫ್ರೇಮ್. ಹುಡುಗ ಕುಣಿದ. ಇಪ್ಪತ್ತು ನಿಮಿಷಕ್ಕೆ ಮತ್ತೆ 45ಕ್ಕೆ ಕುಸಿಯಿತು. ಈ ಸಲ ಉಷ್ಣತೆ 87.

ಅವನು ಕೂರುವುದು ಹೋಟೆಲ್ ಅಡುಗೆಮನೆಯ ಮೇಲಿನ ಕೋಣೆಯಲ್ಲಿ. ಒಗ್ಗರಣೆಯ ಹೊಗೆ, ವಡೆ ಕರಿಯುವ ಎಣ್ಣೆಯ ಆವಿ, ಜೊತೆಗೆ ಇಲ್ಲಿನ ಮಳೆಗಾಲದ ತೇವ. ಹಿಂಬದಿ ಮುಚ್ಚಳ ಬಿಚ್ಚಿದಾಗ ಫ್ಯಾನಿನ ಮುಂದಿನ ತೆಳು ಲೋಹದ ಎಸಳುಗಳ ಮೇಲೆ ಕಂಬಳಿಯಂತೆ ಧೂಳು ಅಂಟಿತ್ತು. ಒಣ ಧೂಳಾದರೆ ಊದಿದರೆ ಹೋಗುತ್ತದೆ (ಊದುವಾಗ ಫ್ಯಾನ್ ತಿರುಗದಂತೆ ಬೆರಳಿನಲ್ಲಿ ಹಿಡಿದುಕೊಳ್ಳಿ). ಎಣ್ಣೆ ಧೂಳು ಹೋಗುವುದಿಲ್ಲ. ಎರ್ನಾಕುಳಂನ ಮೇನಕ ಕಡೆಯ ಪುಟ್ಟ ಅಂಗಡಿಯೊಂದರಲ್ಲಿ ಫ್ಯಾನ್ ಕಳಚಿ, ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ತೊಳೆದು, ಒಣಗಿ ಪುಡಿಯಾಗಿದ್ದ ಥರ್ಮಲ್ ಪೇಸ್ಟ್ ಕೆರೆದು ಹೊಸದು ಹಾಕಿಕೊಟ್ಟರು. 900 ರೂಪಾಯಿ. ಹೊಸ ಅಸಲಿ ಚಾರ್ಜರ್‌ಗೆ 3,600. ಎರಡು ಗಂಟೆ ಆಡಿಸಿದರೂ 75 ಡಿಗ್ರಿ ದಾಟಲಿಲ್ಲ. ಪ್ರಾಜೆಕ್ಟ್ ಒಂದು ದಿನ ಮೊದಲೇ ಒಪ್ಪಿಸಿದ.

ಓಣಂ ಆಫರ್‌ಗಳಲ್ಲಿ ಮಕ್ಕಳಿಗೆ ಲ್ಯಾಪ್‌ಟಾಪ್ ಕೊಳ್ಳುವವರು ನಮ್ಮವರಲ್ಲೂ ಬಹಳ ಮಂದಿ. ಆರ್‌ಟಿಎಕ್ಸ್ 4060 ಎಂಬ ಒಂದೇ ಹೆಸರಿನ ಲ್ಯಾಪ್‌ಟಾಪ್ ಚಿಪ್ 35 ವಾಟಿನಲ್ಲೂ ಬರುತ್ತದೆ, 115 ವಾಟಿನಲ್ಲೂ ಬರುತ್ತದೆ. ಡಬ್ಬಿಯ ಮೇಲಿನ ಸ್ಟಿಕ್ಕರ್ ಇದನ್ನು ಹೇಳುವುದಿಲ್ಲ. ಕೌಂಟರಿನಲ್ಲಿ ‘ಟಿಜಿಪಿ ಎಷ್ಟು?’ ಎಂದು ಕೇಳಿ. ಅವರಿಗೂ ತಿಳಿಯದಿದ್ದರೆ ಕಂಪನಿಯ ಜಾಲತಾಣದಲ್ಲಿ ಮಾಡೆಲ್ ನಂಬರ್ ಹಾಕಿ ನೋಡಿ, ಆಮೇಲೆ ಕಾರ್ಡು ಹೊರತೆಗೆಯಿರಿ. ರ‍್ಯಾಮ್ 16 ಜಿಬಿ ಎಂದರೆ ಒಂದೇ ಪಟ್ಟಿಯೋ ಎರಡೋ ಎಂಬುದನ್ನೂ ಕೇಳಿಕೊಳ್ಳಿ, ಎರಡಿದ್ದರೆ ಗೇಮ್‌ಗಳಿಗೆ ಒಳ್ಳೆಯದು.