ಕಡಲಿನವರು ಕಂಡ ಮುಖ, ಮಲೆಯವರು ಕರೆದ ಹೆಸರು



ಕಾರ್ಕಳ, ಬೆಳ್ತಂಗಡಿ, ಮೂಡಬಿದಿರೆ ಕಡೆಯಿಂದ ಮುಂಬಯಿಗೆ ಬಂದು ನೆಲೆಸಿದ ಮನೆತನಗಳು ನಮ್ಮಲ್ಲಿ ಅನೇಕ. ರಜೆಯಲ್ಲಿ ಅಜ್ಜನ ಮನೆಗೆ ಹೋದಾಗ ಮೂಡಣ ದಿಕ್ಕಿಗೆ ಗೋಡೆ ಕಟ್ಟಿದಂತೆ ನಿಂತ ನೀಲಿ ಬೆಟ್ಟಗಳ ಸಾಲನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ‘ಅದು ಘಟ್ಟ’ ಎಂದು ಹಿರಿಯರು ಹೇಳಿರುತ್ತಾರೆ; ಮಾತು ಅಲ್ಲಿಗೇ ಮುಗಿದಿರುತ್ತದೆ. ಆ ಸಾಲಿನಲ್ಲಿ ಒಂದು ಶಿಖರವನ್ನಾದರೂ ಹೆಸರು ಹಿಡಿದು ಗುರುತಿಸುವಂತಾಗಬೇಕು. ಅದು ಕುದುರೆಮುಖ.

ಕುದುರೆಮುಖ ಶಿಖರ ಇರುವುದು ಚಿಕ್ಕಮಗಳೂರು ಜಿಲ್ಲೆಯ ಕಳಸದ ನೈಋತ್ಯಕ್ಕೆ, ದಕ್ಷಿಣ ಕನ್ನಡದ ಗಡಿಗೆ ತಾಗಿಕೊಂಡಂತೆ. ಬ್ರಿಟಿಷರ ಕಾಲದ ಗೆಜೆಟಿಯರ್ ಇದರ ಎತ್ತರವನ್ನು 6,215 ಅಡಿ ಎಂದು ಬರೆದಿದೆ. ಇಂದಿನ ಲೆಕ್ಕದಲ್ಲಿ 1,890 ಮೀಟರಿಗೂ ತುಸು ಹೆಚ್ಚು. ಕಡಲತೀರದಿಂದ ನೇರ ಗೆರೆ ಎಳೆದರೆ ದೂರ ಸುಮಾರು 50 ಕಿಲೋಮೀಟರ್ ಮಾತ್ರ. ಪಡುವಣ ಮಗ್ಗುಲು ಬೆಳ್ತಂಗಡಿಯ ಕಡೆಗೆ ಕಡಿದಾಗಿ ಇಳಿಯುತ್ತದೆ. ಮೂಡಣ ಮಗ್ಗುಲು ಹಾಗಲ್ಲ. ಗುಡ್ಡದ ಮೇಲೆ ಗುಡ್ಡವಾಗಿ, ಕಾಫಿ ತೋಟ, ಗದ್ದೆಗಳ ನಡುವೆ ನಿಧಾನವಾಗಿ ಮಲೆನಾಡಿನೊಳಗೆ ಕರಗಿಹೋಗುತ್ತದೆ.

ಹೆಸರಿನ ಗುಟ್ಟು

ಈ ಎರಡು ಮಗ್ಗುಲುಗಳಲ್ಲೇ ಹೆಸರಿನ ಗುಟ್ಟೂ ಅಡಗಿದೆ. ಪಡುವಣದಿಂದ, ಅದರಲ್ಲೂ ಸಮುದ್ರದ ಮೇಲಿಂದ ನೋಡಿದರೆ ಶಿಖರದ ಏಣು ಕುದುರೆಯ ಮುಖದಂತೆ ಕಾಣುತ್ತದೆ. ಹಡಗಿನವರಿಗೆ ಇದೊಂದು ಗುರುತಿನ ಕಂಬವಾಗಿತ್ತು. ದಿಗಂತದಲ್ಲಿ ಕುದುರೆಯ ಮುಖ ಕಂಡರೆ ಯಾವ ತೀರದ ಎದುರು ಇದ್ದೇವೆಂದು ತಿಳಿಯುತ್ತಿತ್ತು. ನಮ್ಮ ಹಿಂದಿನ ತಲೆಮಾರಿನ ಎಷ್ಟೋ ಮಂದಿ ಮುಂಬಯಿಗೆ ಬಂದದ್ದು ಹಡಗಿನಲ್ಲೇ ಅಲ್ಲವೇ? ಊರು ಬಿಟ್ಟು ಹೊರಟವರಿಗೆ, ತೀರ ಮರೆಯಾದ ಮೇಲೂ ಕಣ್ಣಿಗೆ ಸಿಗಬಹುದಾಗಿದ್ದದ್ದು ಈ ಘಟ್ಟದ ಸಾಲು.

ಆದರೆ ಘಟ್ಟದ ಮೇಲಿನವರು ಕಡಲಿನಿಂದ ನೋಡಿದವರಲ್ಲ. ಅವರು ಬೆಟ್ಟ ಹತ್ತುತ್ತಿದ್ದುದು ಸಂಸೆ ಎಂಬ ಹಳ್ಳಿಯ ಕಡೆಯಿಂದ. ಆದ್ದರಿಂದ ಹಿಂದೆ ಇದಕ್ಕೆ ‘ಸಂಸೆ ಪರ್ವತ’ ಎಂಬ ಹೆಸರಿತ್ತು. ಒಂದೇ ಬೆಟ್ಟ, ದೂರದಿಂದ ಕಂಡವರು ರೂಪ ನೋಡಿ ಹೆಸರಿಟ್ಟರು, ಹತ್ತಿರದವರು ದಾರಿ ನೋಡಿ ಹೆಸರಿಟ್ಟರು. ಭೂಪಟದಲ್ಲಿ ಉಳಿದದ್ದು ದೂರದವರ ಹೆಸರು.

ಇನ್ನೊಂದು ಸ್ವಾರಸ್ಯ. ‘ಕುದುರೆ’ ಕನ್ನಡ ಪದ, ‘ಮುಖ’ ಸಂಸ್ಕೃತ ಪದ. ಇಂಥ ಬೆರಕೆಯನ್ನು ವ್ಯಾಕರಣದಲ್ಲಿ ಅರಿಸಮಾಸ ಎನ್ನುತ್ತಾರೆ. ಪಂಡಿತರಿಗೆ ಅದು ಅಷ್ಟಾಗಿ ಹಿಡಿಸದು. ಜನರ ನಾಲಗೆ ಪಂಡಿತರನ್ನು ಕೇಳಿ ಹೆಸರಿಡುವುದಿಲ್ಲವಷ್ಟೆ!

ಮೂರು ಮುಂಬಯಿಗಳ ಮಳೆ

ಇನ್ನು ಹವೆಯ ಮಾತು. ಜೂನ್ ತಿಂಗಳಲ್ಲಿ ಅರಬ್ಬೀ ಸಮುದ್ರದಿಂದ ಬೀಸುವ ತೇವದ ಗಾಳಿಗೆ ಈ ಗೋಡೆ ಅಡ್ಡ ನಿಲ್ಲುತ್ತದೆ. ಗಾಳಿ ಮೇಲೇರಲೇಬೇಕು, ಮೇಲೇರಿದಂತೆ ತಣಿಯುತ್ತದೆ, ತಣಿದಂತೆ ನೀರನ್ನು ಚೆಲ್ಲುತ್ತದೆ. ಮುಂಬಯಿಯ ಮಳೆಗಾಲ ಎಂಥದೆಂದು ನಿಮಗೆ ಹೇಳಬೇಕಾಗಿಲ್ಲ. ಇಲ್ಲಿ ವರ್ಷಕ್ಕೆ ಬೀಳುವುದು 2,000 ಮಿಲಿಮೀಟರಿಗೆ ಸ್ವಲ್ಪ ಹೆಚ್ಚು. ಕುದುರೆಮುಖದ ಸುತ್ತ ಬೀಳುವುದು 6,000ದಿಂದ 7,000 ಮಿಲಿಮೀಟರ್. ಅಂದರೆ ಮೂರು ಮುಂಬಯಿಗಳ ಮಳೆ! ಅದೇ ಜಿಲ್ಲೆಯ ಮೂಡಣ ಅಂಚಿನ ಕಡೂರಿಗೆ ಹೋದರೆ ಸಿಗುವುದು ಇದರ ಹತ್ತನೆಯ ಒಂದು ಪಾಲಿನಷ್ಟು. ಒಂದು ಪರ್ವತಶ್ರೇಣಿ ನಡುವೆ ನಿಂತು ಹಂಚಿದ ಪಾಲು ಇದು.

ಎತ್ತರದಿಂದಾಗಿ ಶಿಖರದ ಮೇಲೆ ಕರಾವಳಿಗಿಂತ ಹತ್ತು ಹನ್ನೆರಡು ಡಿಗ್ರಿಯಷ್ಟು ತಂಪು. ದಕ್ಷಿಣ ಕನ್ನಡದಲ್ಲಿದ್ದ ಬ್ರಿಟಿಷ್ ಅಧಿಕಾರಿಗಳು ಬೇಸಿಗೆಯ ಸೆಕೆ ತಡೆಯಲಾರದೆ ಈ ಬೆಟ್ಟದ ಮೇಲೆ ತಂಗುತ್ತಿದ್ದರು. ಆ ಕಾಲದ ಕಟ್ಟಡದ ಪಾಳುಗೋಡೆಗಳು ಶಿಖರದ ಹತ್ತಿರ ಇಂದಿಗೂ ಇವೆ.

ಇಷ್ಟು ಮಳೆ ಬಿದ್ದರೂ ಬೆಟ್ಟದ ನೆತ್ತಿಯಲ್ಲಿ ದಟ್ಟ ಕಾಡಿಲ್ಲ, ಬರೀ ಹುಲ್ಲು. ಅಲ್ಲಿ ಗಾಳಿ ಬಿರುಸು, ಕಲ್ಲಿನ ಮೇಲಿನ ಮಣ್ಣು ತೆಳು; ದೊಡ್ಡ ಮರಗಳು ನಿಲ್ಲಲಾರವು. ಎರಡು ಗುಡ್ಡಗಳ ಸಂದಿಯಲ್ಲಿ, ಮಣ್ಣು ತಂಗುವಲ್ಲಿ ಮಾತ್ರ ಕಪ್ಪನೆಯ ಕಾಡು. ಇದನ್ನು ಶೋಲಾ ಎನ್ನುತ್ತಾರೆ. ಹುಲ್ಲಿನ ಬೇರು, ಶೋಲಾದ ಕೊಳೆತ ಎಲೆಯ ಹಾಸು ಎರಡೂ ಸ್ಪಂಜಿನಂತೆ ಮಳೆನೀರನ್ನು ಹಿಡಿದಿಟ್ಟು, ಬೇಸಿಗೆಯಲ್ಲಿ ಹನಿ ಹನಿಯಾಗಿ ಬಿಡುತ್ತವೆ. ಈ ಶ್ರೇಣಿಯಲ್ಲೇ ತುಂಗೆ, ಭದ್ರೆ, ನೇತ್ರಾವತಿ ಹುಟ್ಟುತ್ತವೆ. ತುಂಗೆ ಶೃಂಗೇರಿಯ ಮೇಲೆ, ಭದ್ರೆ ಕಳಸದ ಮೇಲೆ ಹರಿದು ಕೂಡಲಿಯಲ್ಲಿ ಒಂದಾಗಿ, ಕೃಷ್ಣೆಯನ್ನು ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತವೆ. ನೇತ್ರಾವತಿ ಪಡುವಣಕ್ಕೆ ಇಳಿದು ಮಂಗಳೂರಿನಲ್ಲಿ ಕಡಲು ಸೇರುತ್ತಾಳೆ. ಮಂಗಳೂರಿನ ನಲ್ಲಿಯಲ್ಲಿ ಬರುವ ನೀರು ತುಂಬೆಯ ಅಣೆಕಟ್ಟೆಯಲ್ಲಿ ನಿಲ್ಲಿಸಿದ ಇದೇ ನೇತ್ರಾವತಿಯದು.

ಕಲ್ಲಿನೊಳಗಿನ ಕಬ್ಬಿಣ

ಈ ಬೆಟ್ಟಗಳ ಕಲ್ಲು 250 ಕೋಟಿ ವರ್ಷಗಳಿಗೂ ಹಿಂದಿನದು, ಅದರಲ್ಲಿ ಕಬ್ಬಿಣವಿದೆ. 20ನೆಯ ಶತಮಾನದ ಎರಡನೆಯ ದಶಕದಲ್ಲೇ ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ ಇದನ್ನು ಗುರುತಿಸಿದ್ದರು. 1975ರಲ್ಲಿ ಇರಾನಿನೊಡನೆ ಒಪ್ಪಂದವಾಗಿ, 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪೆನಿ ಸ್ಥಾಪನೆಯಾಯಿತು. ಅಗೆದದ್ದು ಶಿಖರವನ್ನಲ್ಲ, ಅದೇ ಶ್ರೇಣಿಯ ಮಲ್ಲೇಶ್ವರದ ಬಳಿಯ ಗುಡ್ಡಗಳನ್ನು. ಅದಿರನ್ನು ಪುಡಿಮಾಡಿ, ನೀರಿನಲ್ಲಿ ಬೆರೆಸಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟ ಇಳಿಸಿ ಪಣಂಬೂರಿಗೆ ಒಯ್ಯುತ್ತಿದ್ದರು. ಉಳಿದ ಕೆಸರನ್ನು ತಡೆಯಲು ಲಕ್ಯಾ ಹೊಳೆಗೆ ಸುಮಾರು 100 ಮೀಟರ್ ಎತ್ತರದ ಅಣೆಕಟ್ಟು ಕಟ್ಟಿದರು. ಇರಾನಿನಲ್ಲಿ 1979ರಲ್ಲಿ ಕ್ರಾಂತಿಯಾಗಿ ಆ ಒಪ್ಪಂದ ಕೈಕೊಟ್ಟರೂ ಗಣಿ ನಡೆಯಿತು; ಕಾಡಿನ ನಡುವೆ ಒಂದು ಊರೇ ಎದ್ದಿತು, ಸಾವಿರಾರು ಮನೆಗಳಿಗೆ ಅನ್ನವಾಯಿತು.

ಆದರೆ 7,000 ಮಿಲಿಮೀಟರ್ ಮಳೆ ಬೀಳುವಲ್ಲಿ ಗುಡ್ಡದ ಹೊದಿಕೆ ಕಿತ್ತರೆ ಏನಾಗುತ್ತದೆಂದು ಊಹಿಸಿ. ಮಣ್ಣು ಕೊಚ್ಚಿಕೊಂಡು ಭದ್ರೆಗೆ ಇಳಿಯುತ್ತಿತ್ತು. 1987ರಲ್ಲಿ ಸಿಂಗಳೀಕಗಳ ಈ ನೆಲೆ ಸುಮಾರು 600 ಚದರ ಕಿಲೋಮೀಟರಿನ ರಾಷ್ಟ್ರೀಯ ಉದ್ಯಾನವಾಯಿತು. ಗಣಿ ಬೇಕು, ಬೇಡ ಎಂಬ ವಾದ ವರ್ಷಗಟ್ಟಲೆ ನಡೆದು, ಸರ್ವೋಚ್ಚ ನ್ಯಾಯಾಲಯ 2002ರಲ್ಲಿ ತೀರ್ಪು ಕೊಟ್ಟಿತು. 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ನದಿಗೆ ಉಸಿರು ಬಂತು, ಊರು ಬರಿದಾಯಿತು. ಇದರಲ್ಲಿ ಒಂದನ್ನು ನೆನೆದು ಇನ್ನೊಂದನ್ನು ಮರೆಯುವುದು ನ್ಯಾಯವಲ್ಲ. ಉದ್ಯಾನದ ಗಡಿಯೊಳಗೆ ತಲೆತಲಾಂತರದಿಂದ ಬದುಕಿದ ಮಲೆಕುಡಿಯರ ಮಾತೂ ಹಾಗೆಯೇ. ತಮ್ಮ ಹೆಸರಿನಲ್ಲೇ ‘ಮಲೆ’ಯನ್ನು ಹೊತ್ತ ಅವರಿಗೆ, ಉಳಿಯುವುದೋ ಇಳಿಯುವುದೋ ಎಂಬ ಪ್ರಶ್ನೆ ಹೊಟ್ಟೆಬಟ್ಟೆಯ ಪ್ರಶ್ನೆ.

ನೀವು ಮಾಡಬಹುದಾದದ್ದು

ಬೆಟ್ಟ ಹತ್ತುವ ಆಸೆಯಿದ್ದರೆ ಸಂಸೆಯ ಬಳಿಯ ಮುಳ್ಳೋಡಿಯಿಂದ ದಾರಿಯಿದೆ. ಹೋಗಿಬರಲು ಸುಮಾರು 20 ಕಿಲೋಮೀಟರ್. ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆಯಬೇಕು. ದಿನಕ್ಕೆ ಇಷ್ಟೇ ಜನ ಎಂಬ ಮಿತಿಯಿದೆ, ಮೇಲೆ ರಾತ್ರಿ ತಂಗುವಂತಿಲ್ಲ. ಒಯ್ದ ಪ್ಲಾಸ್ಟಿಕ್ ಒಯ್ದವರೇ ಇಳಿಸಿ ತರಬೇಕು. ಹುಲ್ಲಿಗೆ ಒಂದು ಕಿಡಿ ತಗಲಿದರೂ ಗುಡ್ಡವೇ ಹೊತ್ತಿಕೊಳ್ಳುತ್ತದೆಂಬ ಎಚ್ಚರವಿರಲಿ.

ಹತ್ತಲಾಗದವರಿಗೆ ಅದಕ್ಕಿಂತ ಸುಲಭದ ಕೆಲಸವೊಂದಿದೆ. ಮಳೆ ಬಿಟ್ಟ ಮರುದಿನ, ಗಾಳಿ ತಿಳಿಯಾಗಿದ್ದಾಗ, ಊರಿನ ಅಂಗಳದಲ್ಲಿ ನಿಂತು ಮೂಡಣಕ್ಕೆ ನೋಡಿ. ಅಜ್ಜಿಯನ್ನೋ ದೊಡ್ಡಪ್ಪನನ್ನೋ ಪಕ್ಕಕ್ಕೆ ಕರೆದು, ಆ ಸಾಲಿನ ಒಂದೊಂದು ಗುಡ್ಡಕ್ಕೂ ನಮ್ಮವರು ಏನೆನ್ನುತ್ತಿದ್ದರೆಂದು ಕೇಳಿ ಬರೆದುಕೊಳ್ಳಿ. ‘ಸಂಸೆ ಪರ್ವತ’ ಭೂಪಟದಿಂದ ಜಾರಿದ ಹಾಗೆ ಎಷ್ಟು ಹೆಸರುಗಳು ಜಾರುವ ಅಂಚಿನಲ್ಲಿವೆಯೋ! ನಾವೂ ಈಗ ದೂರದಿಂದ ನೋಡುವವರೇ. ದೂರದವರಿಗೆ ಮುಖ ಕಾಣುತ್ತದೆ. ದಾರಿಯನ್ನು ಹತ್ತಿರದವರಿಂದ ಕೇಳಿಯೇ ತಿಳಿಯಬೇಕು.