ಫ್ಯೂಸು ಕಳ್ಳನಲ್ಲ, ಕಾವಲುಗಾರ

ನವೆಂಬರ್ 1 ನಮಗೆ ಎರಡು ಹಬ್ಬಗಳ ದಿನ. 1956ರಲ್ಲಿ ಅದೇ ದಿನ ಹರಿದುಹಂಚಿದ್ದ ಕನ್ನಡನಾಡು ಒಂದಾಯಿತು. ನಾವು ದುಡಿಯಲು ಬಂದಿರುವ ಕೇರಳವೂ ರೂಪುಗೊಂಡಿತು. ಕೊಚ್ಚಿಯಲ್ಲಿ ಈ ಹಬ್ಬದ ಸಿದ್ಧತೆ ನಡೆದಿದ್ದಾಗ, ಗಿಟಾರಿಗೆಂದು ಇಟ್ಟುಕೊಂಡಿರುವ ನಮ್ಮ ಹಳೆಯ ವಾಲ್ವು ಆಂಪ್ಲಿಫೈಯರ್ ಒಂದೇ ಸಂಜೆ ಮೂರು ಫ್ಯೂಸು ಸುಟ್ಟಿತು. ತಿರುವನಂತಪುರದ ಕಾರ್ಯಕ್ರಮವೊಂದಕ್ಕೆ ರೈಲಿನಲ್ಲಿ ಹೋಗಿಬಂದು, ಮಳೆಗಾಲವೆಲ್ಲ ಮೂಲೆಯಲ್ಲಿ ಕುಳಿತಿದ್ದ ಪೆಟ್ಟಿಗೆ ಅದು. ಸಿಗರೇಟು ಪೊಟ್ಟಣದ ಬೆಳ್ಳಿಕಾಗದವನ್ನು ಫ್ಯೂಸಿಗೆ ಸುತ್ತಿ ಇವತ್ತಿನ ಕೆಲಸ ಸಾಗಿಸೋಣವೆಂದು ನಮ್ಮಲ್ಲೇ ಮಾತು ಬಂತು. ನಾವೂ ಹೂಂಗುಟ್ಟುವುದರಲ್ಲಿದ್ದೆವು. ಗಿರಣಿಯ ಇಲೆಕ್ಟ್ರಿಷಿಯನ್ ಮಿತ್ರರು ತಡೆದರು. ಅವರಿಂದ ಕಲಿತದ್ದನ್ನು ವಾಚಕರ ಮುಂದಿಡುತ್ತೇವೆ.

ಫ್ಯೂಸು ತಾನಾಗಿ ಕೆಡುವುದು ಅಪರೂಪ. ಒಳಗೆಲ್ಲೋ ಪ್ರವಾಹ ಮಿತಿಮೀರಿದಾಗ ಅದು ಕರಗಿ ಪೆಟ್ಟಿಗೆಯನ್ನು ಉಳಿಸುತ್ತದೆ. ಅದರ ಜಾಗದಲ್ಲಿ ತಂತಿಯೋ ಬೆಳ್ಳಿಕಾಗದವೋ ಕುಳಿತರೆ ಟ್ರಾನ್ಸ್‌ಫಾರ್ಮರ್ ಸುಡುತ್ತದೆ, ಬೆಂಕಿಯೂ ಹತ್ತಬಹುದು. ಗಿಟಾರಿನ ತಂತಿಗಳು ಪೆಟ್ಟಿಗೆಯ ಲೋಹದ ತಳಕ್ಕೆ ಸೇರಿರುತ್ತವೆ. ಅರ್ತಿಂಗ್ ಸರಿಯಿಲ್ಲದಿದ್ದರೆ ನುಡಿಸುವ ಹುಡುಗನ ಪ್ರಾಣಕ್ಕೇ ಸಂಚಕಾರ.

ಮೊದಲು ಪೆಟ್ಟಿಗೆಯ ಹಿಂದೆ ಅಚ್ಚಾಗಿರುವ ಫ್ಯೂಸಿನ ಅಳತೆಯನ್ನು ಓದಬೇಕು. ಅಂಕಿಯ ಮುಂದೆ ‘ಟಿ’ ಎಂಬ ಇಂಗ್ಲಿಷ್ ಅಕ್ಷರವಿದ್ದರೆ ಅದು ನಿಧಾನವಾಗಿ ಕರಗುವ ಫ್ಯೂಸು. ಸ್ವಿಚ್ ಹಾಕಿದ ಕ್ಷಣ ಟ್ರಾನ್ಸ್‌ಫಾರ್ಮರ್ ಎಳೆಯುವ ಹೆಚ್ಚಿನ ಪ್ರವಾಹವನ್ನು ಅದು ತಾಳುತ್ತದೆ. ‘ಎಫ್’ ಗುರುತಿನ ಚುರುಕು ಫ್ಯೂಸು ತಾಳದಿರಬಹುದು. ಅಮೆರಿಕದಲ್ಲಿ 120 ವೋಲ್ಟಿಗೆ ಮಾಡಿದ ಪೆಟ್ಟಿಗೆಯನ್ನು ನಮ್ಮ 230 ವೋಲ್ಟಿಗೆ ನೇರವಾಗಿ ಚುಚ್ಚಿದರೂ ಫ್ಯೂಸು ಹೋಗುತ್ತದೆ.

ಎರಡನೆಯದಾಗಿ, ಫ್ಯೂಸು ಯಾವಾಗ ಹೋಯಿತೆಂದು ಗಮನಿಸಬೇಕು. ಸ್ವಿಚ್ ಹಾಕಿದೊಡನೆ ಹೋದರೆ ಮೇನ್ಸ್ ಟ್ರಾನ್ಸ್‌ಫಾರ್ಮರ್ ಅಥವಾ ಅದರ ಸುತ್ತಲಿನ ತಂತಿಗಳ ಮೇಲೆ ಸಂಶಯ. ವಾಲ್ವುಗಳು ಕಾದ ಮೇಲೆ, ಅಂದರೆ ಹತ್ತಿಪ್ಪತ್ತು ಸೆಕೆಂಡುಗಳಾದ ಮೇಲೆ ಹೋದರೆ ರೆಕ್ಟಿಫೈಯರ್ ವಾಲ್ವು, ಫಿಲ್ಟರ್ ಕಂಡೆನ್ಸರು ಅಥವಾ ಔಟ್‌ಪುಟ್ ವಾಲ್ವುಗಳ ಮೇಲೆ.

ಮೂರನೆಯದು ಸೀರೀಸ್ ಬೋರ್ಡು. 60 ಅಥವಾ 100 ವ್ಯಾಟಿನ ಹಳೆಯ ತಂತಿಬಲ್ಬಿನ ಮೂಲಕ ಪೆಟ್ಟಿಗೆಗೆ ವಿದ್ಯುತ್ತು ಕೊಡುವ ಉಪಾಯವಿದು. ಎಲ್‌ಇಡಿ ಬಲ್ಬು ನಡೆಯದು. ಒಳಗೆ ಶಾರ್ಟ್ ಇದ್ದರೆ ಬಲ್ಬು ಪ್ರಖರವಾಗಿ ಉರಿಯುತ್ತಲೇ ಇರುತ್ತದೆ, ಫ್ಯೂಸು ಉಳಿಯುತ್ತದೆ. ಒಮ್ಮೆ ಮಿಂಚಿ ಮಂಕಾದರೆ ಕ್ಷೇಮ.

ನಮ್ಮ ಮಿತ್ರರು ಎಲ್ಲ ವಾಲ್ವುಗಳನ್ನೂ ಕಳಚಿ ಸ್ವಿಚ್ ಹಾಕಿದರು. ಬಲ್ಬು ಮಂಕಾಯಿತು; ಟ್ರಾನ್ಸ್‌ಫಾರ್ಮರ್ ಸರಿಯಿದೆ. ರೆಕ್ಟಿಫೈಯರ್ ವಾಲ್ವನ್ನು ಹಾಕಿದರು, ಆಗಲೂ ಮಂಕು. ಸ್ಪೀಕರನ್ನು ಜೋಡಿಸಿ ಔಟ್‌ಪುಟ್ ವಾಲ್ವುಗಳನ್ನು ಹಾಕಿದಾಗ, ಅವು ಕಾಯುತ್ತಿದ್ದಂತೆ ಬಲ್ಬು ಬೆಳಗತೊಡಗಿತು.

ಇನ್ನೊಬ್ಬರಾಗಿದ್ದರೆ ಅಲ್ಲಿಗೇ ಹೊಸ ವಾಲ್ವು ಕೊಳ್ಳುತ್ತಿದ್ದರು. 1960ರ ದಶಕದಲ್ಲಿ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲೇ ವಾಲ್ವುಗಳು ತಯಾರಾಗುತ್ತಿದ್ದವು. ಈಗ ಹೆಚ್ಚಿನವು ರಷ್ಯಾ, ಚೀನಾ, ಸ್ಲೊವಾಕಿಯಾಗಳಿಂದ ಬರತಕ್ಕವು, ದುಬಾರಿ. ಮಿತ್ರರು ಅವಸರ ಮಾಡಲಿಲ್ಲ. ವಾಲ್ವಿನ ಗ್ರಿಡ್ಡು ನಲ್ಲಿಯ ತಿರುಪಿನಂತೆ ಪ್ರವಾಹವನ್ನು ಹಿಡಿದಿಡಬೇಕು. ಔಟ್‌ಪುಟ್ ವಾಲ್ವುಗಳನ್ನು ಕಳಚಿ, ಉಳಿದವನ್ನು ಹಾಕಿ ಮೀಟರಿನಿಂದ ನೋಡಿದರೆ ಒಂದು ಗ್ರಿಡ್ಡಿನ ಕಾಲಿನಲ್ಲಿ ಇರಕೂಡದ ಧನ ವೋಲ್ಟೇಜು ಇತ್ತು. ಹಿಂದಿನ ಹಂತದಿಂದ ಬರುವ ಸಣ್ಣ ಕಾಗದದ ಕಂಡೆನ್ಸರು ತೇವ ಹೀರಿ ಸೋರುತ್ತಿತ್ತು. ನಲ್ಲಿ ಪೂರ್ತಿ ತೆರೆದುಕೊಂಡಂತಾಗಿತ್ತು. ಕೆಲವೇ ರೂಪಾಯಿಗಳ ಕಂಡೆನ್ಸರನ್ನು ಬದಲಿಸಿದ ಮೇಲೆ ನಾಲ್ಕನೆಯ ಫ್ಯೂಸು ನಿಂತಿತು.

ಒಂದು ಎಚ್ಚರಿಕೆ. ಪ್ಲಗ್ಗು ಕಿತ್ತ ಮೇಲೂ ಫಿಲ್ಟರ್ ಕಂಡೆನ್ಸರುಗಳಲ್ಲಿ 400 ವೋಲ್ಟಿನಷ್ಟು ವಿದ್ಯುತ್ತು ಉಳಿದಿರಬಹುದು, ಅದು ಕೊಲ್ಲಬಲ್ಲದು. ಸೀರೀಸ್ ಬೋರ್ಡೂ ಶಾಕಿನಿಂದ ಕಾಪಾಡದು. ಆದುದರಿಂದ ಪೆಟ್ಟಿಗೆಯನ್ನು ಬಿಚ್ಚುವ ಕೆಲಸ ಬಲ್ಲವರದೇ. ಅಳತೆ ನೋಡುವುದು, ಫ್ಯೂಸು ಹೋದ ಹೊತ್ತನ್ನು ಚೀಟಿಯಲ್ಲಿ ಬರೆದು ರಿಪೇರಿಯವರಿಗೆ ಕೊಡುವುದು, ಇಷ್ಟು ನಮ್ಮಿಂದಾಗುತ್ತದೆ. ಅವರ ಹೊತ್ತೂ ನಮ್ಮ ಹಣವೂ ಉಳಿಯುತ್ತದೆ. ಬೆಳ್ಳಿಕಾಗದದ ಮಾತನ್ನು ಮಾತ್ರ ಯಾರೂ ಎತ್ತಬಾರದೆಂದು ನಮ್ಮ ವಿನಂತಿ.