ಚಿಪ್ ಅದೇ, ಆಟ ಅದೇ, ಮಾರಾಟ ಐದು ಪಟ್ಟು

ನಿಂಟೆಂಡೊ ಕಂಪನಿಯ ಡಿಎಸ್ ಎಂಬ ಎರಡು ಪರದೆಯ ಗೇಮ್ ಯಂತ್ರ ಅಂಗಡಿಗೆ ಬಂದದ್ದು 2004ರ ಕೊನೆಯಲ್ಲಿ. ಆ ಮೊದಲ ಮಾದರಿ ಒಟ್ಟು 1.88 ಕೋಟಿ ಮಾರಾಟವಾಯಿತು. 2006ರ ಮಾರ್ಚ್ 2ರಂದು ಜಪಾನಿನಲ್ಲಿ ಅದರದೇ ಹೊಸ ಮಾದರಿ ಡಿಎಸ್ ಲೈಟ್ ಬಂತು. ಅದು ಮಾರಾಟವಾದದ್ದು 9.39 ಕೋಟಿ!

ಹಾಗಾದರೆ ಏನು ಬದಲಾಗಿತ್ತು? ಪ್ರೊಸೆಸರ್ ಹಳೆಯದೇ. ಆಡುವ ಆಟಗಳೂ ಅವೇ. 275 ಗ್ರಾಂ ಇದ್ದ ತೂಕ 218ಕ್ಕೆ ಇಳಿದಿತ್ತು. ಪರದೆಯ ಬೆಳಕನ್ನು ನಾಲ್ಕು ಹಂತಗಳಲ್ಲಿ ಏರಿಸಿ ಇಳಿಸಬಹುದಿತ್ತು. ಪರದೆ ಮುಟ್ಟಲು ಬಳಸುವ ಕಡ್ಡಿ, ಅಂದರೆ ಸ್ಟೈಲಸ್, ತುಸು ಉದ್ದವಾಗಿ, ದಪ್ಪವಾಗಿ ಬೆರಳಿಗೆ ಹಿಡಿತ ಸಿಗುವಂತಿತ್ತು. ಬೆಲೆ ಇಳಿಸಿದರು ಅನ್ನೋಣವೆಂದರೆ ಅದೂ ಇಲ್ಲ. ಜಪಾನಿನಲ್ಲಿ ಮೊದಲ ಡಿಎಸ್ 15,000 ಯೆನ್‌ಗೆ ಬಂದಿತ್ತು, ಲೈಟ್‌ಗೆ 16,800.

13.3 ಸೆಂಟಿಮೀಟರ್ ಉದ್ದದ ಈ ಲೈಟ್ ಯಂತ್ರಗಳನ್ನೆಲ್ಲ ಒಂದರ ತುದಿಗೆ ಇನ್ನೊಂದನ್ನು ಇಡುತ್ತಾ ಹೋದರೆ ಸಾಲು ಸುಮಾರು 12,480 ಕಿಲೋಮೀಟರ್ ಆಗುತ್ತದೆ. ಭೂಮಿಯ ವ್ಯಾಸವೇ 12,742! ಆಮೇಲೆ ಬಂದ ಡಿಎಸ್‌ಐ ಮಾದರಿಗಳನ್ನೂ ಸೇರಿಸಿದರೆ ಇಡೀ ಡಿಎಸ್ ಕುಟುಂಬ 15.4 ಕೋಟಿ ದಾಟುತ್ತದೆ. ಆಗ ಜಪಾನಿನ ಜನಸಂಖ್ಯೆ ಇದ್ದದ್ದು ಸುಮಾರು 12.8 ಕೋಟಿ.

ಇದೆಲ್ಲ ಹೊಸ ಹೊರಕವಚದ ಮಹಿಮೆಯೇ ಅಂದರೆ ಆಟಗಳಿಗೆ ಅನ್ಯಾಯವಾಗುತ್ತದೆ. ನಾಯಿಮರಿ ಸಾಕುವ ‘ನಿಂಟೆಂಡಾಗ್ಸ್’ ಮತ್ತು ಮಿದುಳಿಗೆ ಕಸರತ್ತು ಕೊಡುವ ‘ಬ್ರೇನ್ ಏಜ್’ ಜಪಾನಿನಲ್ಲಿ 2005ರಲ್ಲೇ ಬಂದಿದ್ದವು. ಗೇಮ್ ಯಂತ್ರವನ್ನೇ ಮುಟ್ಟದಿದ್ದ ಹಿರಿಯರೂ ಅವುಗಳಿಗಾಗಿ ಡಿಎಸ್ ಕೊಂಡರು. ಆಸೆ ಹುಟ್ಟಿಸಿದ್ದು ಆಟ. ಆ ಆಸೆಗೆ ತಕ್ಕ ಯಂತ್ರವಾಗಿ ಸಿಕ್ಕಿದ್ದು ಲೈಟ್ ಎಂಬುದು ನನ್ನ ಲೆಕ್ಕ.

ಇದೇ ಕಂಪನಿಯ ಇನ್ನೊಂದು ಯಂತ್ರ ನೋಡಿ. 2001ರ ಗೇಮ್ ಬಾಯ್ ಅಡ್ವಾನ್ಸ್‌ಗೆ ಪರದೆಯ ಬೆಳಕೇ ಇರಲಿಲ್ಲ. ಜನ ಅದಕ್ಕೆ ಪುಟ್ಟ ದೀಪ ಸಿಕ್ಕಿಸಿಕೊಂಡು ಆಡುತ್ತಿದ್ದರು. 2003ರ ಎಸ್‌ಪಿ ಮಾದರಿ ಬೆಳಕು ಕೊಟ್ಟಿತು, ಮಡಚುವಂತಾಯಿತು, ಬ್ಯಾಟರಿ ಚಾರ್ಜ್ ಆಗುವಂತಾಯಿತು. 3.55 ಕೋಟಿ ಮಾರಿದ್ದ ಮೂಲ ಮಾದರಿಯನ್ನು ಅದು 4.36 ಕೋಟಿ ಮಾರಾಟವಾಗಿ ಹಿಂದೆ ಹಾಕಿತು. 2005ರಲ್ಲಿ ಬಂದ ಮೈಕ್ರೋ ಬರೀ 80 ಗ್ರಾಂ; ನೋಡಲು ಎಲ್ಲಕ್ಕಿಂತ ಚೆಂದ. ಆದರೆ ಹಳೆಯ ಗೇಮ್ ಬಾಯ್ ಕಾರ್ಟ್ರಿಜ್‌ಗಳು ಅದರಲ್ಲಿ ನಡೆಯುತ್ತಿರಲಿಲ್ಲ, ಜೊತೆಗೆ ಅಂಗಡಿಯಲ್ಲಿ ಆಗಲೇ ಡಿಎಸ್ ಇತ್ತು. ಮೈಕ್ರೋ 24 ಲಕ್ಷಕ್ಕೇ ನಿಂತಿತು.